ಬಿಸಿಲ ಸೀಮೆಯ ಮನೆಗೆ ಮೊಲ

ಶಿರಾ ತಾಲ್ಲೂಕಿನ ತಾವರೆಕೆರೆಯ ಕಡೆ ಶೇಂಗಾ ಕೀಳುವಾಗ ಬಳ್ಳಿಯ ಮರೆಯಲ್ಲಿ ಕಾಡುಮೊಲದ ಮರಿ ಸಿಕ್ಕರೆ, ತಾಯಿಯಿಲ್ಲದ ಮರಿ ಪಾಪ, ಮನೆಗೆ ಒಯ್ಯೋಣ ಎನ್ನಿಸುವುದು ಸಹಜ. ಆದರೆ ತಾಯಿ ಅದನ್ನು ತೊರೆದಿರುವುದಿಲ್ಲ. ವೈರಿಗಳಿಗೆ ಸುಳಿವು ಸಿಗದಿರಲೆಂದು ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಮರಿಯನ್ನು ಇದ್ದಲ್ಲೇ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕಾಡುಮೊಲವನ್ನು ಹಿಡಿಯುವುದು ಅಪರಾಧ.

ಸಾಕುಮೊಲ ಬೇರೆಯೇ ಜಾತಿ. ಸ್ಪೇನ್, ಪೋರ್ಚುಗಲ್ ಕಡೆ ಬಿಲ ತೋಡಿ ತಂಪಿನಲ್ಲಿ ಬದುಕುತ್ತಿದ್ದ ಮೊಲಗಳ ಸಂತತಿ ಅದು. ಶಿರಾ, ಪಾವಗಡ, ಮಧುಗಿರಿಯ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಬೆವರಿ ಮೈ ತಂಪು ಮಾಡಿಕೊಳ್ಳಲು ಬಾರದ ಮೊಲ, ಹೆಚ್ಚಾಗಿ ಕಿವಿಗಳ ಮೂಲಕ ಶಾಖ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಬಳಲುತ್ತದೆ. ಹಾಗಾಗಿ ಮೊಲ ತರುವ ಮೊದಲು ನೆರಳಿನ ಜಾಗ ಹುಡುಕಬೇಕು. ಶೀಟಿನ ಸೂರಿನ ಕೆಳಗೆ ಗೂಡು ಇಡಲೇಬಾರದು. ದಪ್ಪ ಗೋಡೆಯ ಒಳಕೋಣೆ, ಮಲಗಲು ತಣ್ಣನೆಯ ಕಲ್ಲುಚಪ್ಪಡಿ, ಕಿಟಕಿಗೆ ಒದ್ದೆ ಗೋಣಿಚೀಲ ಇದ್ದರೆ ಬೇಸಿಗೆ ಕಳೆಯಬಹುದು. ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗಳಿಗೆ ಒದ್ದೆ ಬಟ್ಟೆ ಸವರುತ್ತಾ ತಕ್ಷಣ ಪಶುವೈದ್ಯರಿಗೆ ತೋರಿಸಬೇಕು. ಐಸ್ ನೀರಿನಲ್ಲಿ ಅದ್ದಬಾರದು.

ಮೇವಿನ ವಿಷಯದಲ್ಲಿ ಮಾತ್ರ ಈ ಸೀಮೆಯ ರೈತರ ಮನೆಯೇ ಮೇಲು. ಮೊಲದ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ನಾರಿನ ಹುಲ್ಲು ಜಗಿದರೇ ಸವೆಯುವುದು. ಬದುವಿನ ಗರಿಕೆ ಕೊಯ್ದು ಒಣಗಿಸಿಟ್ಟರೆ ಅದಕ್ಕಿಂತ ಒಳ್ಳೆಯ ಆಹಾರ ಬೇಡ. ಶೇಂಗಾ ಬಳ್ಳಿಯನ್ನು ಆಗೊಮ್ಮೆ ಈಗೊಮ್ಮೆ ಕೊಡಬಹುದು, ಬೂಷ್ಟು ಹಿಡಿದಿದ್ದರೆ ಮಾತ್ರ ಬೇಡವೇ ಬೇಡ. ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು; ಅಪರೂಪಕ್ಕೆ ಒಂದು ಚೂರು ಸಾಕು. ಮೊಲ ತನ್ನದೇ ಮೆತ್ತನೆಯ ಹಿಕ್ಕೆ ತಿನ್ನುವುದನ್ನು ಕಂಡು ಹೌಹಾರಬೇಕಿಲ್ಲ. ಒಮ್ಮೆಗೆ ದಕ್ಕದ ಪೋಷಕಾಂಶವನ್ನು ಅದು ಹೀಗೆ ಪಡೆಯುತ್ತದೆ.

ಕೊಳ್ಳುವಾಗ ತುಟಿ ಸರಿಸಿ ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡುತ್ತವೆಯೇ ನೋಡಬೇಕು. ಕಿವಿಯೊಳಗೆ ಹಕ್ಕಳೆ ಕಟ್ಟಿದ್ದರೆ ನುಸಿಯ ಗುರುತು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಿ ತರಬಾರದು. ಜೋಡಿ ತರುವುದಾದರೆ ಗಂಡು ಹೆಣ್ಣು ಯಾವುದೆಂದು ತಿಳಿದಿರಲಿ, ಗರ್ಭದ ಅವಧಿ ಸುಮಾರು 31 ದಿನವಷ್ಟೇ. ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇಟ್ಟು ಮೈಗೆ ಒತ್ತಿ ಹಿಡಿಯಬೇಕು.

ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿ ಮೊಲದ ಜೀವಕ್ಕೇ ಎರವಾಗಬಹುದು. ಆದ್ದರಿಂದ ಹತ್ತಿರದ ಪಶು ಆಸ್ಪತ್ರೆಯಲ್ಲಿ ಮೊಲಕ್ಕೆ ಚಿಕಿತ್ಸೆ ಕೊಡುವವರಿದ್ದಾರೆಯೇ ಎಂದು ಮುಂಚೆಯೇ ವಿಚಾರಿಸಿಕೊಂಡಿರಬೇಕು. ಅರ್ಧ ದಿನ ಮೇವು ಮುಟ್ಟದ ಮೊಲವನ್ನು ನಾಳೆ ನೋಡೋಣ ಎಂದು ಬಿಡುವಂತಿಲ್ಲ, ಅಷ್ಟರಲ್ಲಿ ಅದರ ಕರುಳಿನ ಚಲನೆ ನಿಂತಿರಬಹುದು.