ಯಂತ್ರಚಾಲಿತ ಸೂಜಿಯಿಂದ ಚರ್ಮದೊಳಗೆ ಔಷಧ: ಸದಸ್ಯರ ಅವಗಾಹನೆಗೆ

ಚರ್ಮದ ಹೊರಪದರವು ಕಾಗದಕ್ಕಿಂತ ತೆಳುವಾದುದಾದರೂ ಬಹುಪಾಲು ಔಷಧಗಳನ್ನು ಒಳಗೆ ಬಿಡುವುದಿಲ್ಲ. ಈ ತಡೆಯನ್ನು ದಾಟಲೆಂದು ಬಂದುದು ಮೈಕ್ರೋನೀಡಲಿಂಗ್ ಪೆನ್. ಅದರ ತುದಿಯ ಸಣ್ಣ ಸೂಜಿಗಳನ್ನು ಮೋಟಾರು ಅತಿವೇಗವಾಗಿ ಮೇಲೆ ಕೆಳಗೆ ಆಡಿಸುತ್ತದೆ. ಉಂಟಾದ ರಂಧ್ರಗಳ ಮೂಲಕ ದ್ರವವು ಒಳಸೇರುತ್ತದೆ. ಜಾತ್ರೆಗಳಲ್ಲಿ ಹಚ್ಚೆ ಹಾಕುವ ಯಂತ್ರದ ತತ್ತ್ವವೂ ಬಹುತೇಕ ಇದೇ.

ಮೊಡವೆಯ ಕಲೆಗಳಿಗೆ ಚರ್ಮರೋಗ ತಜ್ಞರು ಇದನ್ನು ಬಳಸುತ್ತಾರೆ. ಆದರೆ ಔಷಧಕ್ಕೆ ತೆರೆದ ರಂಧ್ರವು ರೋಗಾಣುವಿಗೂ ತೆರೆದಿರುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ, ಪರವಾನಗಿಯಿಲ್ಲದೆ ನಡೆಯುತ್ತಿದ್ದ ಸ್ಪಾ ಒಂದರಲ್ಲಿ ರಕ್ತದ ಅಂಶವನ್ನು ಹೀಗೆ ಮುಖಕ್ಕೆ ಸೇರಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿದ ಪ್ರಕರಣ 2018ರಲ್ಲಿ ಬೆಳಕಿಗೆ ಬಂದಿತು. ಹೆಪಟೈಟಿಸ್ ಬಿ ವೈರಾಣುವಂತೂ ಒಣಗಿದ ರಕ್ತದಲ್ಲಿಯೂ 7 ದಿನ ಉಳಿಯಬಲ್ಲದು. ಸೂಜಿಯನ್ನು ಸ್ಪಿರಿಟ್‌ನಲ್ಲಿ ಒರೆಸಿದ ಮಾತ್ರಕ್ಕೆ ಅದು ಶುದ್ಧವಾಗದು.

ಇಂತಹ ಪೆನ್ನುಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ದೊರೆಯುತ್ತಿರುವುದರಿಂದ ಬ್ಯೂಟಿ ಪಾರ್ಲರ್ ಹಾಗೂ ಜಾತ್ರೆಯ ಹಚ್ಚೆ ಅಂಗಡಿಗಳ ಮೇಲೆ ಸದಸ್ಯರು ನಿಗಾ ಇರಿಸುವುದು ಅಗತ್ಯ. ಮೊಹರು ಮಾಡಿದ ಹೊಸ ಸೂಜಿಯನ್ನು ಗ್ರಾಹಕರ ಎದುರಿನಲ್ಲಿಯೇ ತೆರೆಯಲಾಗುತ್ತಿದೆಯೇ, ಬಳಸಿದ ಸೂಜಿಯು ಚುಚ್ಚಿ ಹೊರಬರದಂತಹ ಗಟ್ಟಿ ಡಬ್ಬಿಗೆ ಸೇರುತ್ತಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಮೇಲೆ ಹಚ್ಚಲೆಂದೇ ತಯಾರಾದ ಕ್ರೀಮುಗಳು ಕ್ರಿಮಿಮುಕ್ತವಾಗಿರುವುದಿಲ್ಲವಾದ್ದರಿಂದ ಅವುಗಳನ್ನು ಸೂಜಿಯ ಮೂಲಕ ಒಳಸೇರಿಸುವುದು ಅಪಾಯಕರ. ನೋಂದಾಯಿತ ವೈದ್ಯರಿಲ್ಲದೆ ಔಷಧ ಸೇರಿಸುತ್ತಿರುವುದು ಕಂಡುಬಂದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು.