ಅಜ್ಜಿ ಮುಗಿಸಿದ ಕಾದಂಬರಿ

ಸೇತುವೆ ಆಗುವುದಕ್ಕೆ ಮುಂಚಿನ ಒಂದು ಬೇಸಿಗೆ. ಸಿಗಂದೂರಿಗೆ ಹೊರಟ ಜನ, ಜೀಪು, ಬಸ್ಸು ಎಲ್ಲ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯುತ್ತಿದ್ದವು. ನನ್ನ ಮೊಮ್ಮಗನಿಗೆ ಮಾತ್ರ ಲಾಂಚ್ ತಡವಾದಷ್ಟೂ ಖುಷಿ. ಶಾಲೆಯ ಲೈಬ್ರರಿಯಿಂದ ತಂದ 'ಐವಾನ್‌ಹೋ' ಮಕ್ಕಳ ಆವೃತ್ತಿ ಅವನ ಕೈಯಲ್ಲಿತ್ತು. ಕಬ್ಬಿಣದ ಅಂಗಿ ತೊಟ್ಟು ಮುಖ ಮುಚ್ಚಿಕೊಂಡ ಸವಾರರು ಈಟಿ ಹಿಡಿದು ಎದುರುಬದುರು ನುಗ್ಗುವ ಚಿತ್ರ ತೋರಿಸಿ ಕೇಳಿದ: "ಅಜ್ಜ, ನಮ್ಮ ಕಡೆ ನೈಟ್‌ಗಳು ಇರಲಿಲ್ವಾ?"

ನಾನು ನೀರಿನ ಕಡೆ ಕೈ ತೋರಿಸಿದೆ. ನಾನು ಓದಿದ ಮೊದಲ ಕೋಟೆ-ಕುದುರೆಯ ಕಥೆ ಅಲ್ಲೇ ಕೆಳಗಿದೆ.

ನಮ್ಮ ಮನೆ ಇದ್ದದ್ದು ಈಗಿನ ಹಿನ್ನೀರಿನ ತಳದಲ್ಲಿ. ಮಳೆಗಾಲದ ರಾತ್ರಿ ಬುಡ್ಡಿ ದೀಪದ ಬೆಳಕಲ್ಲಿ ನಾನು ಗಟ್ಟಿಯಾಗಿ ಓದಬೇಕು, ಅಜ್ಜಿ ಅಡಿಕೆ ಸುಲಿಯುತ್ತ ಕೇಳಬೇಕು. ಪುಸ್ತಕ ಮಾಸ್ತಿಯವರ 'ಚನ್ನಬಸವ ನಾಯಕ'. ನಮ್ಮದೇ ಬಿದನೂರಿನ ಕೊನೆಗಾಲದ ಕಥೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು ಬಿಡುವಾಗ ಅಮ್ಮ ಒರಳುಕಲ್ಲು ಬಿಡಲೊಲ್ಲೆ ಎಂದರು, ಅಪ್ಪ ಪುಸ್ತಕದ ಟ್ರಂಕು ಬಿಡಲೊಲ್ಲೆ ಎಂದರು. ಲಾರಿಯಲ್ಲಿ ಎರಡೂ ಬಂದವು. ಆದರೆ ಮಳೆನೀರು ಟ್ರಂಕಿಗೆ ಇಳಿದು ಆ ಪುಸ್ತಕದ ಕೊನೆಯ ಹಾಳೆಗಳು ಮುದ್ದೆಯಾದವು. ನಾನಿನ್ನೂ ಅಲ್ಲಿಗೆ ತಲುಪಿರಲಿಲ್ಲ! ಅಳುತ್ತ ಕೂತ ನನಗೆ ಅಜ್ಜಿಯೇ ಕಥೆ ಮುಗಿಸಿಕೊಟ್ಟಳು. ಅವಳ ಕಥೆಯಲ್ಲಿ ಎಳೆಯ ನಾಯಕ ಬಿಳಿ ಕುದುರೆ ಏರಿ ಕಾಡುದಾರಿಯಲ್ಲಿ ತಿರುಗಿ ಬರುತ್ತಾನೆ.

ಮಕ್ಕಳೇ, ಈ ಬಗೆಯ ಕಾದಂಬರಿಗಳ ಮೂಲ ಹುಡುಕಿದರೂ ಒಬ್ಬ ಅಜ್ಜಿ ಸಿಗುತ್ತಾಳೆ. 'ಐವಾನ್‌ಹೋ' ಬರೆದ ವಾಲ್ಟರ್ ಸ್ಕಾಟ್ ಹುಟ್ಟಿದ್ದು 1771ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎರಡು ವರ್ಷ ತುಂಬುವ ಮೊದಲೇ ಪೋಲಿಯೊ ಬಂದು ಒಂದು ಕಾಲು ಕುಂಟಾಯಿತು. ಹಳ್ಳಿಯ ಗಾಳಿಗೆ ಗುಣವಾದೀತೆಂದು ಅವನನ್ನು ಅಜ್ಜನ ಮನೆಗೆ ಕಳಿಸಿದರು. ಆ ತೋಟದ ಮನೆಯ ಹತ್ತಿರವೇ ಬಂಡೆಯ ಮೇಲೊಂದು ಹಳೇ ಕೋಟೆಗೋಪುರ. ಓಡಲಾರದ ಹುಡುಗನಿಗೆ ಅಜ್ಜಿ ಮತ್ತು ಅತ್ತೆ ಗಡಿನಾಡಿನ ಕಾಳಗ, ದರೋಡೆ, ಸಾಹಸಗಳನ್ನೆಲ್ಲ ಹೇಳಿದರು. ಹುಡುಗ ದೊಡ್ಡವನಾಗಿ ವಕೀಲನಾದ, ಕವಿಯಾದ. 1814ರಲ್ಲಿ ಹೆಸರು ಹಾಕದೆ 'ವೇವರ್ಲಿ' ಎಂಬ ಕಾದಂಬರಿ ಪ್ರಕಟಿಸಿದ. 1819ರ ಡಿಸೆಂಬರಿನಲ್ಲಿ 'ಐವಾನ್‌ಹೋ' ಬಂತು. ಅಷ್ಟು ಹೊತ್ತಿಗೆ ನಿಜವಾದ ನೈಟ್‌ಗಳ ಕಾಲ ಮುಗಿದು ಶತಮಾನಗಳೇ ಕಳೆದಿದ್ದವು. ಬಹುಶಃ ಅದಕ್ಕೇ ಜನ ಅಷ್ಟು ಆಸೆಯಿಂದ ಓದಿದರು.

ಈ ಗಾಳಿ ನಮ್ಮ ದೇಶಕ್ಕೂ ಬೀಸಿತು. ಬಂಗಾಳದ ಬಂಕಿಮಚಂದ್ರರು 1865ರಲ್ಲಿ 'ದುರ್ಗೇಶನಂದಿನಿ' ಬರೆದಾಗ, ಇದು ಐವಾನ್‌ಹೋ ಹಾಗಿದೆಯಲ್ಲ ಎಂದರು ಕೆಲವರು. ನಾನು ಆಗ ಅದನ್ನು ಓದಿರಲೇ ಇಲ್ಲ ಎಂದರು ಬಂಕಿಮರು. ಬಂಕಿಮರ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು. ಮರಾಠಿಯಿಂದ ಐತಿಹಾಸಿಕ ಕಾದಂಬರಿಗಳನ್ನು ತಂದು, ಆಮೇಲೆ ವಿಜಯನಗರದ ಹುಟ್ಟಿನ ಮೇಲೆ ತಾವೇ 'ಮಾಧವ ಕರುಣಾ ವಿಲಾಸ' ಬರೆದವರು ಗಳಗನಾಥರು. ಅವರು ಶಾಲಾ ಮಾಸ್ತರರು. ಬರೆದ ಪುಸ್ತಕಗಳ ಹೊರೆ ತಾವೇ ಹೊತ್ತು ಊರೂರು ಅಲೆದು ಮಾರಿದರು. ಅವರ ಊರು ಗಳಗನಾಥ ಇರುವುದು ತುಂಗಭದ್ರೆಯೂ ವರದೆಯೂ ಸೇರುವಲ್ಲಿ. ವರದೆ ಹುಟ್ಟುವುದು ನಮ್ಮ ಸಾಗರದ ವರದಾಮೂಲದಲ್ಲಿ. ನಮ್ಮ ನೀರು ಕುಡಿದವರೇ ಅನ್ನಿ!

ಮೊಮ್ಮಗನ ಪ್ರಶ್ನೆ ಹಾಗೇ ಉಳಿಯಿತು. ಯೂರೋಪಿನ ನೈಟ್ ಆಗಬೇಕಾದ ಹುಡುಗ ಏಳೆಂಟು ವರ್ಷಕ್ಕೇ ದೊರೆಮನೆಗೆ ಸೇರಿ ಊಳಿಗ ಮಾಡಬೇಕಿತ್ತು. ಆಮೇಲೆ ಒಬ್ಬ ನೈಟ್‌ನ ಕುದುರೆ, ಆಯುಧ ನೋಡಿಕೊಳ್ಳಬೇಕು. ಕೊನೆಗೆ ಪ್ರತಿಜ್ಞೆ. ನಮ್ಮಲ್ಲಿ ಆ ಹೆಸರಿಲ್ಲ, ಆ ಕಬ್ಬಿಣದ ಅಂಗಿಯೂ ಇಲ್ಲ (ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿಯುತ್ತಿತ್ತು). ಪ್ರತಿಜ್ಞೆ ಮಾತ್ರ ಇತ್ತು. ಒಡೆಯನ ಅನ್ನ ತಿಂದ ಋಣಕ್ಕೆ ಪ್ರಾಣ ಕೊಡುವುದು ಜೋಳವಾಳಿ, ಹೊತ್ತು ಬಂದಾಗ ಅವನ ಜೊತೆ ಸಾಯುತ್ತೇನೆಂಬ ಮಾತು ವೇಳೆವಾಳಿ. ನಮ್ಮ ಗದ್ದೆಬದುಗಳಲ್ಲಿ ನಿಂತ ವೀರಗಲ್ಲು ನೋಡಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ದನ ಕಾಯಲು ಹೋಗಿ ಸತ್ತವನಿಗೂ ಅಂಥ ಕಲ್ಲಿದೆ. ಈ ವಿಷಯದಲ್ಲಿ ನಮ್ಮವರು ಯೂರೋಪಿನವರಿಗಿಂತ ಉದಾರಿಗಳು ಅಂತ ನನ್ನ ಲೆಕ್ಕ.

ಕೆಳದಿಯ ಚೆನ್ನಮ್ಮನ ವಿಷಯವನ್ನೂ ಹೇಳಿದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ವೇಷ ಮರೆಸಿ ಬಂದ. ಆಶ್ರಯ ಕೊಟ್ಟರೆ ದಿಲ್ಲಿಯ ಸಿಟ್ಟು ಮೈಮೇಲೆ. ರಾಣಿ ಕೊಟ್ಟಳು. ಮೊಗಲರ ಸೇನೆ ಮಲೆನಾಡಿಗೆ ನುಗ್ಗಿತು. ರಾಜಾರಾಮ ಮಾತ್ರ ಕ್ಷೇಮವಾಗಿ ಜಿಂಜಿ ಸೇರಿದ. "ಇದು ಕಾದಂಬರಿಯದ್ದಾ?" ಎಂದ ಹುಡುಗ. "ಅಲ್ಲ, ಇತಿಹಾಸ" ಎಂದೆ. ಅವನಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಮಾರನೇ ವಾರ ಹೊಸನಗರದ ಆಚೆ ನಗರದ ಕೋಟೆಗೆ ಕರೆದುಕೊಂಡು ಹೋದೆ. ಹಳೇ ಬಿದನೂರು ಅದೇ. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. ಮೆಟ್ಟಿಲಲ್ಲಿ ಕೂತು 'ಚನ್ನಬಸವ ನಾಯಕ'ದ ಕಥೆ ಹೇಳುತ್ತ ರಾಣಿ ವೀರಮ್ಮಾಜಿಯನ್ನು ಬೈಯತೊಡಗಿದೆ. ಹುಡುಗ ತಡೆದ. "ಅವಳು ಕೆಟ್ಟವಳು ಅಂತ ನಿಮಗೆ ಹೇಗೆ ಗೊತ್ತು?"

ಹೇಗೆ ಗೊತ್ತು? ಕಾದಂಬರಿಯಲ್ಲಿ ಓದಿದ್ದು! ಅರವತ್ತು ವರ್ಷ ಅದನ್ನೇ ಚರಿತ್ರೆ ಎಂದು ನಂಬಿದ್ದೆ. ನನ್ನ ಅಜ್ಜಿ ಆ ಭಾಗ ಬಂದಾಗಲೆಲ್ಲ "ಸೋತವಳ ಮೇಲೆ ಯಾರು ಬೇಕಾದರೂ ಮಾತು ಕಟ್ಟುತ್ತಾರೆ, ಮುಂದೆ ಓದು" ಎನ್ನುತ್ತಿದ್ದಳು. ಆಗ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಮಾಸ್ತಿಯವರು ಕಾದಂಬರಿ ಬರೆದರು, ಸಾಕ್ಷಿ ಹೇಳಿದ್ದಲ್ಲ. ತಪ್ಪು ಓದಿದವನದ್ದು. ಹುಡುಗನ ಮುಂದೆ ಒಪ್ಪಿಕೊಂಡೆ.

"ಹಾಗಾದರೆ ಚನ್ನಬಸವ ಏನಾದ?"

ದೊಡ್ಡವನಾದ ಮೇಲೆ ಸಾಗರದಲ್ಲಿ ಆ ಕಾದಂಬರಿಯ ಪೂರ್ತಿ ಪ್ರತಿ ಸಿಕ್ಕಿ ಓದಿದ್ದೇನೆ. ಅದರ ಕೊನೆ ಅಜ್ಜಿಯ ಕೊನೆಯಷ್ಟು ಹಿತವಾಗಿಲ್ಲ. ಚರಿತ್ರೆಯ ಪುಸ್ತಕದಲ್ಲಿ ಇನ್ನೊಂದು ಸಂಗತಿ: ತಾನೇ ಚನ್ನಬಸವ ಎಂದುಕೊಂಡು ಒಬ್ಬ ತರುಣ ಬಂದನಂತೆ, ಅವನ ಹೆಸರು ಹೇಳಿಕೊಂಡೇ ಹೈದರಾಲಿ ಬಿದನೂರಿನ ಮೇಲೆ ಬಂದನಂತೆ. ಮೂರನ್ನೂ ಹೇಳಿದೆ. ಯಾವುದು ಯಾರದ್ದು ಎಂಬುದನ್ನೂ ಹೇಳಿದೆ.

ಹುಡುಗ ತುಸು ಹೊತ್ತು ಕೋಟೆಯ ಬಾಗಿಲನ್ನೇ ನೋಡಿದ. "ಅಜ್ಜಿ ಹೇಳಿದ್ದರಲ್ಲಿ ಕುದುರೆ ಬಿಳೀದಲ್ವಾ? ಇಲ್ಲಿ ಅದಕ್ಕೆ ನೀರು ಎಲ್ಲಿ ಕುಡಿಸ್ತಿದ್ರು?"

ಒಳಗೆ ಅಕ್ಕ-ತಂಗಿ ಕೊಳ ಇದೆ ಎಂದೆ. ನಾನು ಮಂಡಿ ಹಿಡಿದು ಏಳುವಷ್ಟರಲ್ಲಿ ಅವನು ಅರ್ಧ ದಾರಿ ಓಡಿದ್ದ.