ಗಾಲ್ಫ್ ಸ್ವಿಂಗ್: ನಿಮಗಿದು ಗೊತ್ತೇ?

ಗಾಲ್ಫ್ ಕ್ಲಬ್ಬಿನ ಮುಖಕ್ಕೆ ಚೆಂಡು ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಹೊಡೆತ ಕೈಗೆ ಅರಿವಾಗುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿ ಸರಿಪಡಿಸಿಕೊಳ್ಳುತ್ತೇನೆ ಎಂಬುದು ಆಗದ ಮಾತು. ತಿದ್ದುವುದೇನಿದ್ದರೂ ಮೊದಲೇ, ಅಭ್ಯಾಸದ ಡ್ರಿಲ್‌ಗಳಲ್ಲಿ.

ಮನುಷ್ಯನ ಸ್ವಿಂಗ್ ನೋಡಿ ಕಟ್ಟಿದ ಯಂತ್ರವೊಂದಿದೆ. ಅಮೆರಿಕದ ಬೈರನ್ ನೆಲ್ಸನ್ 1945ರಲ್ಲಿ ಸತತ 11 ಟೂರ್ನಿ ಗೆದ್ದವರು. ಅವರ ಬೀಸು ಎಷ್ಟು ಏಕಪ್ರಕಾರವಾಗಿತ್ತೆಂದರೆ, ಚೆಂಡು ಮತ್ತು ಕ್ಲಬ್ಬುಗಳನ್ನು ಪರೀಕ್ಷಿಸಲು 1960ರ ದಶಕದಲ್ಲಿ ತಯಾರಾದ ಯಂತ್ರಕ್ಕೆ ಅದನ್ನೇ ಮಾದರಿ ಮಾಡಿಕೊಂಡರು. ಯಂತ್ರದ ಹೆಸರು ‘ಐರನ್ ಬೈರನ್’.

ಕ್ಲಬ್ಬನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು? ಕೈಯಲ್ಲಿ ಜೀವಂತ ಹಕ್ಕಿ ಇದೆಯೆಂದು ತಿಳಿದು ಹಿಡಿಯಿರಿ ಎನ್ನುತ್ತಿದ್ದರು ಅಮೆರಿಕದ ಹೆಸರಾಂತ ಆಟಗಾರ ಸ್ಯಾಮ್ ಸ್ನೀಡ್.

ಚೆಂಡು ಯಾವ ದಿಕ್ಕಿಗೆ ಹೊರಡಬೇಕೆಂದು ತೀರ್ಮಾನಿಸುವುದು ಕ್ಲಬ್ ಸಾಗುವ ದಾರಿ ಎಂದು ಬಹುಕಾಲ ಕಲಿಸಲಾಗುತ್ತಿತ್ತು. ರಾಡಾರ್ ಯಂತ್ರಗಳು ಬಂದ ಮೇಲೆ ಎಲ್ಲರಿಗೂ ಸ್ಪಷ್ಟವಾಯಿತು: ಚೆಂಡು ಬಹುಪಾಲು ಕ್ಲಬ್ಬಿನ ಮುಖ ನೋಡುತ್ತಿದ್ದ ಕಡೆಗೇ ಹೊರಡುತ್ತದೆ, ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸದಿಂದ ಗಾಳಿಯಲ್ಲಿ ಬಾಗುತ್ತದೆ. ಬಲಗೈ ಆಟಗಾರನ ಚೆಂಡು ಬಲಕ್ಕೆ ಬಾಗಿ ಪೊದೆ ಸೇರುವ ಸ್ಲೈಸ್‌ಗೆ ಕಾರಣ ಇದೇ. ದಾರಿ ತಿದ್ದಿಕೊಳ್ಳಲು ಒಂದು ಉಪಾಯವಿದೆ. ಚೆಂಡಿನಿಂದ ಆಚೆಗೆ, ಕೊಂಚ ಹಿಂದಕ್ಕೆ, ಕ್ಲಬ್ಬಿನ ತಲೆ ನುಸುಳುವಷ್ಟು ಜಾಗ ಬಿಟ್ಟು ಖಾಲಿ ರಟ್ಟಿನ ಡಬ್ಬಿ ಇಡಿ. ಭುಜ ಮುಂದೆ ಬಿದ್ದು ಹೊರಗಿನಿಂದ ಒಳಕ್ಕೆ ಬೀಸಿದರೆ ಡಬ್ಬಿ ಹಾರುತ್ತದೆ. ತಪ್ಪು ಹೇಳಲು ಪಕ್ಕದಲ್ಲಿ ಕೋಚ್ ನಿಂತಿರಬೇಕಾಗಿಲ್ಲ.

ಕ್ಲಬ್ಬಿನ ಮುಖದ ಮೇಲೆ ತೆಳ್ಳಗೆ ಪೌಡರ್ ಸ್ಪ್ರೇ ಹೊಡೆದು ಆಡಿದರೆ ಚೆಂಡು ತಾಗಿದ ಜಾಗದಲ್ಲಿ ಗುರುತು ಉಳಿಯುತ್ತದೆ. ಗುರುತು ನಡುಮಧ್ಯದಿಂದ ಆಚೆ ಸರಿದಷ್ಟೂ ಚೆಂಡು ಸಾಗುವ ದೂರ ಕಡಿಮೆಯಾಗುತ್ತದೆ, ದಿಕ್ಕೂ ಕೆಡುತ್ತದೆ.

18 ಮೇಜರ್ ಪ್ರಶಸ್ತಿಗಳ ಒಡೆಯ ಜ್ಯಾಕ್ ನಿಕ್ಲಾಸ್ ಹುಡುಗನಾಗಿದ್ದಾಗ ತಲೆ ಅಲ್ಲಾಡಿಸದಿರುವುದನ್ನು ಕಲಿತದ್ದು ಹೇಗೆ ಗೊತ್ತೇ? ಒಹಾಯೊದ ಸಯೋಟೊ ಕ್ಲಬ್ಬಿನಲ್ಲಿ ಕೋಚ್ ಜ್ಯಾಕ್ ಗ್ರೌಟ್ ಅವರ ಸಹಾಯಕ ಎದುರು ನಿಂತು ಹುಡುಗನ ಕೂದಲು ಹಿಡಿದುಕೊಳ್ಳುತ್ತಿದ್ದರು. ತಲೆ ಸರಿದರೆ ಕೂದಲು ಕಿತ್ತಂತೆ ನೋವು. ಅದೇ ಗ್ರೌಟ್ ಎರಡೂ ಹಿಮ್ಮಡಿ ನೆಲಕ್ಕೆ ಊರಿಕೊಂಡೇ ಚೆಂಡು ಹೊಡೆಸುತ್ತಿದ್ದರು. ಪಾದ, ಹರಡುಗಳ ಕೆಲಸ ಅರ್ಥವಾಗಲೆಂದು. ಇಂದಿನ ಮಕ್ಕಳ ಕೂದಲು ಎಳೆಯುವ ಅಗತ್ಯವಿಲ್ಲ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ನೆಲದ ಮೇಲೆ ಬಿದ್ದ ತಲೆಯ ನೆರಳನ್ನು ನೋಡುತ್ತಾ ಬೀಸಿದರೆ ಸಾಕು. ನೆರಳು ಪಕ್ಕಕ್ಕೆ ಜಾರಿದ್ದು ಕೂಡಲೇ ಕಾಣುತ್ತದೆ.

ಕ್ಲಬ್ಬನ್ನು ಹಿಂದಕ್ಕೆ ಒಯ್ಯಲು ಹಿಡಿಯುವ ಸಮಯ, ಕೆಳಗಿಳಿದು ಚೆಂಡಿಗೆ ತಾಗಲು ಹಿಡಿಯುವ ಸಮಯ: ವೃತ್ತಿಪರರಲ್ಲಿ ಇವೆರಡರ ಅನುಪಾತ ಹೆಚ್ಚುಕಡಿಮೆ 3:1. ಅಮೆರಿಕದ ಜಾನ್ ನೊವೊಸೆಲ್ ವಿಡಿಯೋದ ಫ್ರೇಮುಗಳನ್ನು ಎಣಿಸಿ ಇದನ್ನು ಕಂಡುಕೊಂಡರು. ಬೇಗ ಬೀಸುವವರದು 21 ಫ್ರೇಮಿಗೆ 7, ನಿಧಾನದವರದು 27ಕ್ಕೆ 9. ವೇಗ ಬೇರೆ, ಅನುಪಾತ ಒಂದೇ. ಹಿಂದಕ್ಕೆ ಒಯ್ಯುವಾಗ ಮೂರು ಎಣಿಕೆ, ನಾಲ್ಕನೆಯದಕ್ಕೆ ಹೊಡೆತ. ತಾಳ ಹಾಕಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡೂ ಪಾದ ಜೋಡಿಸಿ ನಿಂತು 8ನೇ ಐರನ್‌ನಿಂದ ಅರ್ಧ ಬೀಸು ಹೊಡೆದು ನೋಡಿ. ತೋಳಿನ ಬಲ ಹಾಕಿದ ಕೂಡಲೇ ಕಾಲು ಎಡವುತ್ತದೆ. ಸಮತೋಲನಕ್ಕೆ ಇದಕ್ಕಿಂತ ಸರಳವಾದ, ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಐರನ್ ಹೊಡೆತದಲ್ಲಿ ಮೊದಲು ಚೆಂಡು, ಆಮೇಲೆ ಹುಲ್ಲು. ಡಿವಟ್, ಅಂದರೆ ಕಿತ್ತುಬರುವ ಹುಲ್ಲಿನ ಹೆಂಟೆ, ಚೆಂಡು ಇದ್ದ ಜಾಗಕ್ಕಿಂತ ಮುಂದಿನಿಂದ ಏಳಬೇಕು. ಡ್ರೈವಿಂಗ್ ರೇಂಜಿನ ಮ್ಯಾಟ್ ಇಲ್ಲಿ ಮೋಸ ಮಾಡುತ್ತದೆ. ಕ್ಲಬ್ ಚೆಂಡಿಗಿಂತ ಹಿಂದೆ ನೆಲಕ್ಕೆ ಬಡಿದರೂ ಮ್ಯಾಟಿನ ಮೇಲೆ ಜಾರಿ ಚೆಂಡಿಗೆ ತಾಗಿಬಿಡುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಹುಲ್ಲಿನ ಮೇಲೋ ಮರಳಿನ ಮೇಲೋ ಗೆರೆ ಎಳೆದು, ಚೆಂಡಿಲ್ಲದೆ ಬೀಸಿ, ಗುರುತು ಗೆರೆಯ ಮುಂದೆ ಬಿತ್ತೇ ಎಂದು ನೋಡಿ. ಮ್ಯಾಟೇ ಗತಿ ಎನ್ನುವವರು ಚೆಂಡಿನ ಹಿಂದೆ ಒಂದು ಗೇಣು ಬಿಟ್ಟು ಮಡಚಿದ ಟವೆಲ್ ಇಟ್ಟು, ಕ್ಲಬ್ ಅದಕ್ಕೆ ತಾಗದಂತೆ ಹೊಡೆಯಲಿ.

ಟೆಕ್ಸಸ್‌ನ ಕೋಚ್ ಹಾರ್ವಿ ಪೆನಿಕ್ ದಶಕಗಳ ಕಾಲ ಬರೆದಿಟ್ಟ ಪಾಠದ ಟಿಪ್ಪಣಿಗಳು ‘ಲಿಟ್ಲ್ ರೆಡ್ ಬುಕ್’ ಆಗಿ ಬಂದದ್ದು 1992ರಲ್ಲಿ. ಉದ್ದ ಹಿಡಿಯ ಕಳೆ ಸವರುವ ಕತ್ತಿಯನ್ನು ಬೀಸುವುದು ಅವರು ಹೇಳಿಕೊಡುತ್ತಿದ್ದ ಕಸರತ್ತುಗಳಲ್ಲಿ ಒಂದು. 1995ರಲ್ಲಿ ಅವರ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಶಿಷ್ಯ ಬೆನ್ ಕ್ರೆನ್‌ಶಾ ಅದೇ ವಾರ ಮಾಸ್ಟರ್ಸ್ ಗೆದ್ದರು.

ಒಂದು ಬುಟ್ಟಿ ಚೆಂಡನ್ನು ಒಂದೇ ಕ್ಲಬ್ಬಿನಿಂದ ಒಂದೇ ಗುರಿಗೆ ಹೊಡೆದು ಮುಗಿಸುವುದು ರೇಂಜಿನಲ್ಲಿ ದಿನನಿತ್ಯ ಕಾಣುವ ದೃಶ್ಯ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಯ ಕೆಲಸಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪು ಒಂದೊಂದನ್ನೇ ಮುಗಿಸುತ್ತಾ ಹೋಯಿತು, ಇನ್ನೊಂದು ಎಲ್ಲವನ್ನೂ ಬೆರೆಸಿ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯದು ಚುರುಕಾಗಿತ್ತು. ದಿನಗಳ ನಂತರ ಪರೀಕ್ಷಿಸಿದಾಗ ಎರಡನೆಯದು ಮೇಲುಗೈ ಸಾಧಿಸಿತು. ರೇಂಜಿನಲ್ಲಿ ‘ಕೈ ಕೂತಿತು’ ಎನಿಸಿ, ಮರುದಿನ ಮೈದಾನದಲ್ಲಿ ಎಲ್ಲ ಮಾಯವಾಗುವುದೇಕೆ ಎಂಬುದಕ್ಕೆ ಇದೊಂದು ಉತ್ತರ. ಹೊಸ ಚಲನೆ ಕಲಿಯುವಾಗ ಹತ್ತಾರು ಸಲ ಅದನ್ನೇ ಮಾಡಿ, ಸರಿ. ಆಮೇಲೆ ನಿಮಗೆ ಗೊತ್ತಿರುವ ಮೈದಾನವನ್ನು ಮನಸ್ಸಿನಲ್ಲೇ ಆಡಿ: ಡ್ರೈವರ್, ನಂತರ 7ನೇ ಐರನ್, ನಂತರ ವೆಡ್ಜ್. ಪ್ರತಿ ಚೆಂಡಿಗೂ ಗುರಿ ಬದಲಿಸಿ, ಹಿಂದೆ ಸರಿದು ಮತ್ತೆ ನಿಲುವು ತೆಗೆದುಕೊಳ್ಳಿ. ಬುಟ್ಟಿ ನಿಧಾನವಾಗಿ ಖಾಲಿಯಾಗಲಿ.

ತೋಳಿನ ಕಡೆ ಗಮನ ಕೊಟ್ಟವರಿಗಿಂತ ಕ್ಲಬ್ಬಿನ ಚಲನೆಯ ಕಡೆ ಗಮನ ಕೊಟ್ಟ ಹೊಸಬರು ಪಿಚ್ ಹೊಡೆತವನ್ನು ಚೆನ್ನಾಗಿ ಕಲಿತರೆಂದು 1999ರ ಅಧ್ಯಯನವೊಂದು ತೋರಿಸಿತು.

72 ಪಾರ್‌ನ ಮೈದಾನದಲ್ಲಿ ಅರ್ಧ, ಅಂದರೆ 36 ಹೊಡೆತ, ಪಟ್ಟಿಂಗ್‌ಗೇ ಮೀಸಲು. ಐದರ ವಯಸ್ಸಿನಲ್ಲಿ ಕ್ಲಬ್ ಹಿಡಿದ ಬೆಂಗಳೂರಿನ ಅದಿತಿ ಅಶೋಕ್ ದೂರಕ್ಕೆ ಹೊಡೆಯುವ ಆಟಗಾರ್ತಿಯಲ್ಲ. ಆದರೂ ಪಟ್ಟಿಂಗ್‌ನ ಬಲದಿಂದ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಾಯಿಯನ್ನೇ ಕ್ಯಾಡಿಯಾಗಿ ಜೊತೆಗಿಟ್ಟುಕೊಂಡು, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಪಟರಿನ ತಲೆ ತೂರುವಷ್ಟೇ ಅಂತರದಲ್ಲಿ ಎರಡು ಟೀ ನೆಟ್ಟು, ಅವಕ್ಕೆ ತಾಗದಂತೆ ಪಟ್ ಮಾಡುವ ‘ಗೇಟ್’ ಡ್ರಿಲ್ ಟೈಗರ್ ವುಡ್ಸ್ ಅವರಿಗೆ ಅಚ್ಚುಮೆಚ್ಚು. ಮನೆಯ ಜಮಖಾನದ ಮೇಲೆ ಟೀ ಬದಲು ಎರಡು ಪುಸ್ತಕ ಇಟ್ಟರೂ ನಡೆಯುತ್ತದೆ.

ಡ್ರಿಲ್ ಸಾಮಗ್ರಿಯಿಂದಲೇ ಟೂರ್ನಿ ಕಳೆದುಕೊಂಡವರಿದ್ದಾರೆ. 2010ರ ಸೇಫ್‌ವೇ ಕ್ಲಾಸಿಕ್‌ನಲ್ಲಿ ಆಟಗಾರ್ತಿ ಜೂಲಿ ಇಂಕ್‌ಸ್ಟರ್ 10ನೇ ಟೀಯಲ್ಲಿ ಸುಮಾರು ಅರ್ಧ ಗಂಟೆ ಕಾಯಬೇಕಾಯಿತು. ಮೈ ಸಡಿಲಿಸಲು ಕ್ಲಬ್ಬಿಗೆ ತೂಕದ ಬಳೆ ತೊಡಿಸಿ ಬೀಸಿದರು. ಟಿವಿಯಲ್ಲಿ ನೋಡಿದವರೊಬ್ಬರು ದೂರು ಕಳಿಸಿದರು. ಆಟದ ನಡುವೆ ಇಂಥ ಸಾಮಗ್ರಿ ಬಳಸಿ ಬೀಸುವಂತಿಲ್ಲವಾದ್ದರಿಂದ ಇಂಕ್‌ಸ್ಟರ್ ಅನರ್ಹರಾದರು. 2019ರ ನಿಯಮದಂತೆ ಸ್ಟ್ರೋಕ್ ಪ್ಲೇನಲ್ಲಿ ಮೊದಲ ತಪ್ಪಿಗೆ ಎರಡು ಹೊಡೆತಗಳ ದಂಡ, ಮತ್ತೆ ಮಾಡಿದರೆ ಅನರ್ಹತೆ. ತೂಕದ ಬಳೆ, ದಿಕ್ಕು ತೋರುವ ಕಡ್ಡಿ ಬ್ಯಾಗಿನಲ್ಲಿದ್ದರೆ ತಪ್ಪಿಲ್ಲ. ಆಟದ ನಡುವೆ ಹೊರಗೆ ತೆಗೆದು ಬೀಸಬೇಡಿ.